‘ನ ಮಮ’ ಎಂದ ಮೇಲೂ ಉಳಿಯುವ ಹೆಸರು

ಹಿಂದಿನ ಶನಿವಾರ ಬೆಳಿಗ್ಗೆ ಅಮೆರಿಕದ ಆಸ್ಟಿನ್‌ನ ನಮ್ಮ ಮನೆಯ ಮುಂದೆ, ನಾವು ದಾನ ಕೊಟ್ಟ ಹದಿನೆಂಟು ವರ್ಷ ಹಳೆಯದಾದ ಕಾರನ್ನು ಟೋ ಟ್ರಕ್ಕಿಗೆ ಏರಿಸುತ್ತಿದ್ದಾಗ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಒಂಬತ್ತು ವರ್ಷದ ಮಗಳು, “ಅಪ್ಪ, ನೀನು ‘ನ ಮಮ’ ಅಂತ ಹೇಳಿದ್ಯಾ?” ಎಂದು ಕೇಳಿದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಕಳೆದ ವರ್ಷ ಹಾಸನದಲ್ಲಿ ನನ್ನ ತಂದೆಯವರ ಉತ್ತರಕ್ರಿಯೆಯ ದಾನಗಳು ನಡೆಯುವಾಗ ಅವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು. ಪುರೋಹಿತರು ನನ್ನ ಅಂಗೈಯಲ್ಲಿ ತುಳಸಿದಳವಿಟ್ಟು, ನೀರು ಬಿಡಿಸಿ, “ತುಭ್ಯಮಹಂ ಸಂಪ್ರದದೇ ನ ಮಮ” ಎಂದು ಹೇಳಿಸಿದಾಗ, ಹಾಗೆಂದರೇನು ಎಂದು ಅವಳು ಕೇಳಿದ್ದಕ್ಕೆ, “ಇನ್ನು ನನ್ನದಲ್ಲ ಅಂತ ಪುಟ್ಟಿ, ಅದನ್ನು ಹೇಳೋವರೆಗೂ ಕೊಟ್ಟ ಹಾಗಾಗೋದಿಲ್ಲ” ಎಂದು ಅವರು ಸಮಾಧಾನದಿಂದ ವಿವರಿಸಿದ್ದರು. ಆ ಮಾತನ್ನು ಅವಳು ಅಲ್ಲಿಂದ ಜೋಪಾನವಾಗಿ ಇಲ್ಲಿಯವರೆಗೆ ತಂದಿದ್ದಾಳೆಂದು ನನಗೆ ತಿಳಿದಿರಲಿಲ್ಲ.

ನ್ಯೂಜೆರ್ಸಿಯಿಂದ ಟೆಕ್ಸಸ್‌ಗೆ ಬಂದಾಗ ನಾವು ಆ ಕಾರನ್ನು ದೊಡ್ಡ ಲಾರಿಯಲ್ಲಿ ಹೇರಿಸಿ ತಂದಿದ್ದೆವು. ಹೊಸದಾಗಿ ಬಂದವರು ಮೂವತ್ತು ದಿನಗಳೊಳಗೆ ತಮ್ಮ ವಾಹನವನ್ನು ಇಲ್ಲಿ ನೋಂದಾಯಿಸಿಕೊಳ್ಳಬೇಕೆಂಬುದು ಟೆಕ್ಸಸ್‌ನ ನಿಯಮ. ಆ ದಿನಗಳು ಮುಗಿಯುವ ಮೊದಲೇ ಕಾರಿನ ಗೇರ್‌ಬಾಕ್ಸ್ ಕೆಟ್ಟಿತು, ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರಿತು, ಹಾಗಾಗಿ ಅದು ನ್ಯೂಜೆರ್ಸಿಯ ಹಳದಿ ನಂಬರ್ ಪ್ಲೇಟುಗಳೊಡನೆ ಗ್ಯಾರೇಜಿನಲ್ಲೇ ನಿಂತುಬಿಟ್ಟಿತು. ನಡೆಯದ ಕಾರನ್ನೂ, ಬೇರೆ ರಾಜ್ಯದ ಕಾರನ್ನೂ ದಾನವಾಗಿ ತೆಗೆದುಕೊಳ್ಳುವ ಧರ್ಮಸಂಸ್ಥೆಗಳು ಈ ದೇಶದಲ್ಲಿ ಬಹಳಷ್ಟಿವೆ. ಒಂಟಿಯಾಗಿ ಬದುಕುವ ವೃದ್ಧರ ಮನೆಗೆ ಬಿಸಿಯೂಟ ತಲುಪಿಸುವ ಒಂದು ಸಂಸ್ಥೆಯನ್ನು ನಾವು ಆರಿಸಿಕೊಂಡೆವು.

ನೋಂದಣಿಯ ಅವಧಿ ಮುಗಿದಿದ್ದರೆ ಚಿಂತೆಯಿಲ್ಲ, ಟೈಟಲ್ ಮಾತ್ರ ಬೇಕೇ ಬೇಕು ಎಂದು ಫೋನಿನಲ್ಲಿ ಮಾತನಾಡಿದ ಹೆಣ್ಣುಮಗಳು ಹೇಳಿದಳು. ಊರಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಆರ್‌ಸಿ ಒಂದೇ ಮಾಡುವ ಕೆಲಸವನ್ನು ಇಲ್ಲಿ ಎರಡು ಕಾಗದಗಳು ಹಂಚಿಕೊಂಡಿವೆ: ರಸ್ತೆಯಲ್ಲಿ ಓಡಿಸಲು ನೋಂದಣಿ, ಒಡೆತನಕ್ಕೆ ಟೈಟಲ್. ಎರಡನ್ನೂ ಕೊಡುವುದು ಆಯಾ ರಾಜ್ಯ. ನಮ್ಮ ಟೈಟಲ್ ಮನೆ ಬದಲಿಸುವ ಗಡಿಬಿಡಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ಕಾರು ಟೆಕ್ಸಸ್‌ನಲ್ಲಿದ್ದರೂ ಟೆಕ್ಸಸ್‌ನ ಕಚೇರಿ ಅದಕ್ಕೆ ನಕಲು ಕೊಡುವಂತಿಲ್ಲ, ನ್ಯೂಜೆರ್ಸಿಯೇ ಕೊಡಬೇಕು. ಸಾಲ ತೀರಿದೆಯೆಂದು ಬ್ಯಾಂಕು ಹಿಂದೆಂದೋ ಕೊಟ್ಟಿದ್ದ ಪತ್ರವನ್ನು ಹುಡುಕಿ ತೆಗೆದು, ಅರ್ಜಿಯೊಡನೆ ನ್ಯೂಜೆರ್ಸಿಯ ರಾಜಧಾನಿ ಟ್ರೆಂಟನ್‌ಗೆ ಅಂಚೆಯಲ್ಲಿ ಕಳುಹಿಸಿ, ಕೆಲವು ವಾರ ಕಾದೆವು. ನಕಲು ಬಂದ ಮೇಲೆ ಅದರ ಹಿಂಬದಿಯಲ್ಲಿ ಇಬ್ಬರೂ ಸಹಿ ಮಾಡಿದೆವು, ಏಕೆಂದರೆ ಟೈಟಲ್ ನನ್ನ ಮತ್ತು ನನ್ನ ಹೆಂಡತಿಯ ಹೆಸರಿನಲ್ಲಿತ್ತು. ಹೊಡೆದುಹಾಕಿ ತಿದ್ದಿದ ಟೈಟಲನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲವಾದ್ದರಿಂದ, ಪರೀಕ್ಷೆಯ ಹಾಲಿನಲ್ಲಿ ಕುಳಿತವರಂತೆ ಒಂದೊಂದು ಅಕ್ಷರವನ್ನೂ ನೋಡಿ ನೋಡಿ ಬರೆದೆವು.

ಆದಾಯ ತೆರಿಗೆಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕೊಟ್ಟ ಕಾರಿನ ಬೆಲೆಯನ್ನು ಆದಾಯದಿಂದ ಕಳೆದು ತೋರಿಸಿದರೆ ದೊಡ್ಡ ಲಾಭವಿದೆಯೆಂಬ ನಂಬಿಕೆ ಇಲ್ಲಿನ ನಮ್ಮವರಲ್ಲಿ ಬಹಳವಾಗಿದೆ. ದಾನಿ ತನ್ನ ಮನಸ್ಸಿಗೆ ತೋಚಿದ ಬೆಲೆ ಬರೆದುಕೊಳ್ಳುವ ಕಾಲ 2005ಕ್ಕೇ ಮುಗಿಯಿತು. ಈಗ ಕಾರಿನ ಮೌಲ್ಯ 500 ಡಾಲರಿಗಿಂತ ಹೆಚ್ಚೆಂದು ತೋರಿಸಬೇಕಾದರೆ, ಸಂಸ್ಥೆಯೇ ಅದನ್ನು ಬಳಸಿಕೊಂಡಂಥ ಕೆಲವು ಸಂದರ್ಭಗಳನ್ನು ಬಿಟ್ಟು, ಸಂಸ್ಥೆ ಅದನ್ನು ಮಾರಿದಾಗ ಬಂದ ಹಣವಷ್ಟೇ ಲೆಕ್ಕಕ್ಕೆ ಬರುತ್ತದೆ, ಮತ್ತು ಅದಕ್ಕೆ ಸಂಸ್ಥೆ 1098-ಸಿ ಎಂಬ ನಮೂನೆಯನ್ನು ಕಳುಹಿಸಬೇಕು. ನಮ್ಮಂತೆ ಒಂದೊಂದು ಖರ್ಚನ್ನೂ ಪಟ್ಟಿ ಮಾಡದೆ, ಎಲ್ಲರಿಗೂ ಗೊತ್ತುಮಾಡಿದ ಇಡಿ ಮೊತ್ತದ ಕಡಿತವನ್ನೇ (ಸ್ಟ್ಯಾಂಡರ್ಡ್ ಡಿಡಕ್ಷನ್) ತೆಗೆದುಕೊಳ್ಳುವವರಿಗೆ ಇದರಿಂದ ಏನೂ ಸಿಗುವುದಿಲ್ಲ. ಅದು ನನಗೆ ಒಳ್ಳೆಯದೇ ಆಯಿತೆನಿಸಿತು. ನೀರು ಬಿಟ್ಟ ಕೈಯನ್ನೇ ಮತ್ತೆ ಚಾಚುವ ಪ್ರಸಂಗ ಬರಲಿಲ್ಲ.

ಮಗಳ ಪ್ರಶ್ನೆಗೆ ಉತ್ತರವಾಗಿ, ಟ್ರಕ್ಕು ಹೋದ ಮೇಲೆ, ನಾನು ಬಿಚ್ಚಿಟ್ಟುಕೊಂಡಿದ್ದ ಎರಡು ನಂಬರ್ ಪ್ಲೇಟುಗಳನ್ನು ಅವಳಿಗೆ ತೋರಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಪ್ಲೇಟು ಕಾರಿನೊಡನೆಯೇ ಹೋಗುತ್ತದೆ. ನ್ಯೂಜೆರ್ಸಿಯಲ್ಲಿ ಹಾಗಲ್ಲ, ಅದನ್ನು ಬಿಚ್ಚಿಕೊಂಡು ಸರ್ಕಾರಕ್ಕೆ ಹಿಂದಿರುಗಿಸಬೇಕು, ಆಮೇಲೆ ವಿಮೆಯನ್ನು ನಿಲ್ಲಿಸಬೇಕು. ಒಂದನ್ನಾದರೂ ತನ್ನ ಕೋಣೆಯ ಗೋಡೆಗೆ ಕೊಡು ಎಂದು ಅವಳು ಬೇಡಿದಳು, ಅವಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಆ ಕಾರಿನಲ್ಲೇ. ಕೊಡಲಾಗುವುದಿಲ್ಲ ಎಂದೆ. ಆಗ ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ಇದನ್ನ ಪೋಸ್ಟ್ ಮಾಡೋದೇ ನ ಮಮ” ಎಂದಳು.

ಆ ಮಾತು ನನ್ನನ್ನು ನಮ್ಮ ತಂದೆಯವರ ಸ್ಕೂಟರಿನ ಬಳಿಗೆ ಕೊಂಡೊಯ್ದಿತು. 1998ರಲ್ಲಿ ಅವರು ತಮ್ಮ ಬಜಾಜ್ ಚೇತಕ್ಕನ್ನು, ವರ್ಷಗಟ್ಟಲೆ ನಮ್ಮ ತೋಟ ನೋಡಿಕೊಂಡಿದ್ದವರೊಬ್ಬರಿಗೆ, ಆತನ ಮಗಳ ಮದುವೆಯ ಸಮಯದಲ್ಲಿ ಸುಮ್ಮನೆ ಕೊಟ್ಟುಬಿಟ್ಟರು. ಆರ್‌ಸಿ ಪುಸ್ತಕದ ಜೆರಾಕ್ಸ್ ಕೊಟ್ಟು, ಮೂಲ ಪುಸ್ತಕವನ್ನು ಬೀರುವಿನಲ್ಲಿಟ್ಟು, ಹಾಸನದ ಆರ್‌ಟಿಒಗೆ ಹೋದಾಗ ಹೆಸರು ಬದಲಾಯಿಸಿದರಾಯಿತು ಎಂದರು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಒಂದೇ ರಾಜ್ಯದೊಳಗೆ ಕೊಟ್ಟವನು ಹದಿನಾಲ್ಕು ದಿನಗಳೊಳಗೆ ಅದನ್ನು ಕಚೇರಿಗೆ ತಿಳಿಸಬೇಕು. ನಮ್ಮ ಬೀದಿಯಲ್ಲಿ ಯಾರೂ ಹಾಗೆ ತಿಳಿಸಿದ್ದನ್ನು ನಾನು ಕಂಡಿರಲಿಲ್ಲ. ಕೊಟ್ಟ ಕೈ, ಪಡೆದ ಕೈ ಎರಡೂ ಒಳ್ಳೆಯವಾಗಿದ್ದರೆ ಸಾಕೆಂದು ನಾವೆಲ್ಲ ನಂಬಿದ್ದೆವು, ಈಗಲೂ ಸಹಿ ಮಾಡಿದ ಖಾಲಿ ನಮೂನೆಗಳ ಮೇಲೆಯೇ ಎಷ್ಟೋ ಗಾಡಿಗಳು ಕೈಯಿಂದ ಕೈಗೆ ಹೋಗುತ್ತವೆ.

ನಾಲ್ಕು ವರ್ಷದ ನಂತರ ಒಂದು ರಾತ್ರಿ ಪೊಲೀಸರು ಮನೆಗೆ ಬಂದರು. ಆ ಸ್ಕೂಟರು ರಸ್ತೆ ದಾಟುತ್ತಿದ್ದವರೊಬ್ಬರಿಗೆ ಗುದ್ದಿತ್ತು, ಅದಕ್ಕೆ ವಿಮೆ ಇರಲಿಲ್ಲ, ಪುಸ್ತಕದಲ್ಲಿದ್ದ ಹೆಸರು ನಮ್ಮ ತಂದೆಯವರದು. ವಾಯಿದೆಯಿಂದ ವಾಯಿದೆಗೆ ಅವರು ಬಸ್ಸಿನಲ್ಲಿ ಕೋರ್ಟಿಗೆ ಅಲೆದರು. ಕೊನೆಗೆ ಪರಿಹಾರದ ಹಣವನ್ನು ಕಂತುಗಳಲ್ಲಿ ಕಟ್ಟಿದರು. ಗುದ್ದಿಸಿಕೊಂಡವರ ಕಾಲು ಮೊದಲಿನಂತಾಗಲಿಲ್ಲ, ಆ ಮನೆಗೆ ಹಣ ಯಾರಿಂದಲಾದರೂ ಹೋಗಲೇಬೇಕಿತ್ತು ಎಂದು ಅವರೇ ಹೇಳುತ್ತಿದ್ದರು. ಆದರೂ, “ನಾನು ಅದನ್ನ ಕೊಟ್ಟಿದ್ದೆನಲ್ಲ” ಎಂದು ಊಟದ ನಡುವೆ ಒಮ್ಮೊಮ್ಮೆ ತಮ್ಮಷ್ಟಕ್ಕೇ ಅಂದುಕೊಳ್ಳುವುದು ಅವರಿಗೆ ಕೊನೆಯವರೆಗೂ ತಪ್ಪಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಇಂಥದೇ ಪ್ರಕರಣದಲ್ಲಿ, ವಾಹನ ಎಷ್ಟು ಕೈ ಬದಲಾಗಿದ್ದರೂ ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ಸ್ಪಷ್ಟವಾಗಿ ಹೇಳಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಕತ್ತರಿಸಿ, ಅವರು ತಮ್ಮ ಡೈರಿಯಲ್ಲಿ ಇಟ್ಟುಕೊಂಡಿದ್ದರು.

ಸೋಮವಾರ ಮಗಳೂ ನಾನೂ ಪ್ಲೇಟುಗಳನ್ನು ದಪ್ಪ ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಟ್ಟೆವು. ಸಂಜೆ ಅಮ್ಮನಿಗೆ ಫೋನು ಮಾಡಿ, ಸ್ಕೂಟರಿನ ಪುಸ್ತಕ ಇನ್ನೂ ಇದೆಯೇ ಎಂದು ಕೇಳಿದೆ. ಅವರು ಬೀರು ತೆಗೆದು ಹುಡುಕಿ, “ಇದೆಯಪ್ಪ, ನಿಮ್ಮಪ್ಪನ ಹೆಸರೇ ಇದೆ” ಎಂದರು. ಸ್ಕೂಟರು ಈಗ ಎಲ್ಲಿದೆಯೋ, ಗುಜರಿ ಸೇರಿದೆಯೋ ವಿಚಾರಿಸಿ, ಆ ಪುಸ್ತಕವನ್ನು ಹಿಡಿದುಕೊಂಡು ಆರ್‌ಟಿಒಗೆ ಹೋಗಿ ಬರಲು ತಮ್ಮನಿಗೆ ಹೇಳಿದ್ದೇನೆ. ಮುಂದಿನ ವಾರ ರಜೆ ಹಾಕಿ ಹೋಗುತ್ತಾನಂತೆ.