ಸಿಗರೇಟು ಬಿಟ್ಟ ವಾರ ಮಾತ್ರೆಯ ಡೋಸ್ ನೋಡಿಕೊಳ್ಳಿ

ಸ್ಕಿಜೋಫ್ರೇನಿಯಾ ಇರುವವರ ಮನೆಗಳಲ್ಲಿ ಸಿಗರೇಟಿನ ಮಾತೆತ್ತಿದರೆ "ಪಾಪ, ಅದೊಂದಾದರೂ ಇರಲಿ ಬಿಡಿ" ಎನ್ನುವವರೇ ಹೆಚ್ಚು. ಬಿಡಿಸಿದರೆ ಕಾಯಿಲೆ ಕೆರಳೀತು ಎಂಬ ಅಂಜಿಕೆ ಬೇರೆ. 2016ರಲ್ಲಿ ಪ್ರಕಟವಾದ ಈಗಲ್ಸ್ ಅಧ್ಯಯನದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ಮಾನಸಿಕ ಕಾಯಿಲೆಯಿದ್ದು ಸ್ಥಿರವಾಗಿದ್ದವರು. ಸಿಗರೇಟು ಬಿಡಿಸುವ ಮಾತ್ರೆಗಳಾದ ವರೆನಿಕ್ಲಿನ್, ಬುಪ್ರೊಪಿಯಾನ್ ತೆಗೆದುಕೊಂಡವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಅಥವಾ ಹುಸಿಮಾತ್ರೆಯವರಿಗಿಂತ ಗಣನೀಯವಾಗಿ ಹೆಚ್ಚಿನ ಮಾನಸಿಕ ತೊಂದರೆ ಆಗಲಿಲ್ಲ. (ಸ್ಕಿಜೋಫ್ರೇನಿಯಾದ ಮಾತ್ರೆ ಕ್ಲೋಝಪೈನ್ ಜೊತೆ ಬುಪ್ರೊಪಿಯಾನ್ ಬಗ್ಗೆ ಮಾತ್ರ ಎಚ್ಚರ ಬೇಕು, ಎರಡೂ ಫಿಟ್ಸ್ ತರಬಲ್ಲವು.)

ಎಡವಟ್ಟಾಗುವುದು ಡೋಸ್‌ನಲ್ಲಿ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕು ಮಾಡುತ್ತವೆ. ಕ್ಲೋಝಪೈನ್, ಅದೇ ಬಗೆಯ ಇನ್ನೊಂದು ಮಾತ್ರೆ ಒಲಾಂಝಪೈನ್, ಎರಡನ್ನೂ ಕರಗಿಸುವುದು ಮುಖ್ಯವಾಗಿ ಇದೇ ಕಿಣ್ವ. ಹಾಗಾಗಿ ಸೇದುವವರಿಗೆ ಹೆಚ್ಚು ಡೋಸ್ ಬೇಕಾಗಿರುತ್ತದೆ. ಸೇದುವುದು ನಿಂತರೆ ಒಂದು ವಾರದೊಳಗೆ ಕಿಣ್ವದ ಜೋರು ಇಳಿಯುತ್ತದೆ, ಅದೇ ಮಾತ್ರೆಗೆ ರಕ್ತದಲ್ಲಿನ ಕ್ಲೋಝಪೈನ್ ಮಟ್ಟ ಒಂದೂವರೆ ಪಟ್ಟು ಅಥವಾ ಇನ್ನೂ ಹೆಚ್ಚಾಗಬಹುದು. ಹಗಲೆಲ್ಲ ತೂಕಡಿಕೆ, ದಿಂಬು ಒದ್ದೆಯಾಗುವಷ್ಟು ಜೊಲ್ಲು, ಬಿಗಿಯಾದ ಮಲಬದ್ಧತೆ, ಎದ್ದು ನಿಂತರೆ ತಲೆಸುತ್ತು, ಕೆಟ್ಟದ್ದಾದರೆ ಫಿಟ್ಸ್. ಮನೆಯವರು ಇದನ್ನೆಲ್ಲ "ಸಿಗರೇಟು ಬಿಟ್ಟು ಮಂಕಾಗಿದ್ದಾನೆ" ಅಂದುಕೊಳ್ಳುತ್ತಾರೆ.

ಆದ್ದರಿಂದ ಬಿಡುವ ದಿನವನ್ನು ಕನಿಷ್ಠ ಎರಡು ವಾರ ಮುಂಚೆ ವೈದ್ಯರಿಗೆ ತಿಳಿಸಿ. ಕ್ಲೋಝಪೈನ್ ಮಟ್ಟವನ್ನು ಬಿಡುವ ಮೊದಲು ಒಮ್ಮೆ, ಬಿಟ್ಟ ವಾರದ ಮೇಲೆ ಇನ್ನೊಮ್ಮೆ ನೋಡಬೇಕು. ರಾತ್ರಿ ಮಾತ್ರೆ ನುಂಗಿ 12 ಗಂಟೆ ಕಳೆದ ಮೇಲೆ, ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಿ. ನಿಯಮಿತವಾಗಿ ಮಾಡಿಸುವ ಕೌಂಟ್ ಟೆಸ್ಟ್ ಬಿಳಿ ರಕ್ತಕಣದ್ದು, ಅದರಲ್ಲಿ ಇದು ಗೊತ್ತಾಗುವುದಿಲ್ಲ. ಮೊದಲ ವಾರದಲ್ಲಿ ಹಂತಹಂತವಾಗಿ ಸುಮಾರು ಕಾಲುಭಾಗ ಡೋಸ್ ಇಳಿಸುವ ಪದ್ಧತಿಯಿದೆ, ಆದರೆ ಇಳಿಸುವವರು ವೈದ್ಯರು, ನೀವಲ್ಲ. ದಿನಕ್ಕೆ 20 ಸಿಗರೇಟು ಇದ್ದದ್ದು 12ಕ್ಕೆ ಬಂತೆಂದು ಡೋಸ್ ಮುಟ್ಟಬೇಕಿಲ್ಲ. ಕಿಣ್ವ ಪೂರ್ತಿ ಚುರುಕಾಗಲು ಹೆಚ್ಚುಕಡಿಮೆ ಏಳರಿಂದ ಹನ್ನೆರಡು ಸಿಗರೇಟು ಸಾಕು.

ಈ ಕೆಲಸ ಹೊಗೆಯದು, ನಿಕೋಟಿನ್‌ನದಲ್ಲ. ಬೀಡಿಗೂ ಇದೇ ಮಾತು. ಸಿಗರೇಟು ಬಿಟ್ಟು ಖೈನಿಗೆ ಇಳಿದವರಿಗೂ ಮಾತ್ರೆಯ ಮಟ್ಟ ಏರುತ್ತದೆ, ಪ್ಯಾಚ್ ಹಾಕಿದವರಿಗೂ. ಪ್ಯಾಚ್‌ನಿಂದ ಹಂಬಲ ತಗ್ಗುತ್ತದೆ ಅಷ್ಟೇ.

ಇನ್ನು ಕಾಫಿ. ಬೆಂಗಳೂರಿನಲ್ಲಿ ಇದನ್ನು ಬಿಟ್ಟು ಮಾತಾಡುವುದೇ ಸುಳ್ಳು. ಕೆಫೀನ್ ಕರಗುವುದೂ ಇದೇ ಕಿಣ್ವದಿಂದ. ಬಿಟ್ಟ ಮೇಲೆ ಅಷ್ಟೇ ಲೋಟ ಫಿಲ್ಟರ್ ಕಾಫಿ ಕುಡಿದರೆ ನಡುಕ, ನಿದ್ದೆಗೇಡು, ಚಡಪಡಿಕೆ ಶುರು. ಕಾಯಿಲೆ ಮರುಕಳಿಸಿತು ಎಂದು ಡೋಸ್ ಏರಿಸುವಂತೆ ಕೇಳುವವರೂ ಉಂಟು, ಅಲ್ಲಿಗೆ ಕ್ಲೋಝಪೈನ್ ಇನ್ನೂ ಮೇಲೆ. ಬಿಟ್ಟ ದಿನದಿಂದಲೇ ಕಾಫಿ ಅರ್ಧಕ್ಕಿಳಿಸಿ. ದರ್ಶಿನಿಯಲ್ಲಾದರೆ ಬೈ-ಟು.

ನಿಕೋಟಿನ್ ಗಮ್ ಸಾಮಾನ್ಯವಾಗಿ ಫಲ ಕೊಡದೆ ಹೋಗುವುದು ಜಗಿಯುವ ರೀತಿಯಿಂದ. ಬಬಲ್‌ಗಮ್ ಹಾಗೆ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ. ಖಾರ ಹತ್ತುವ ತನಕ ನಿಧಾನ ಜಗಿದು ಕೆನ್ನೆ ಮತ್ತು ಒಸಡಿನ ಮಧ್ಯೆ ಇಟ್ಟುಕೊಳ್ಳಿ, ಖಾರ ತಗ್ಗಿದ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಕಾಫಿ, ಜ್ಯೂಸ್ ಕುಡಿದು ಹದಿನೈದು ನಿಮಿಷವಾದರೂ ಕಾಯಿರಿ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 2 ಮಿ.ಗ್ರಾಂ. ಸಾಲದು, 4 ಬೇಕು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ ಸಾಮಾನ್ಯವಾಗಿ 21 ಮಿ.ಗ್ರಾಂ. ಪ್ಯಾಚ್, ಜೊತೆಗೆ ಗಮ್. ಕೆಟ್ಟ ಕನಸು ಬಂದರೆ ಪ್ಯಾಚ್ ಮಲಗುವಾಗ ತೆಗೆದುಬಿಡಿ.

ಕನ್ನಡದಲ್ಲಿ ಮಾತಾಡಲು ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356 ಇದೆ, ನಿಮ್ಹಾನ್ಸ್ ಅದರ ಪ್ರಾದೇಶಿಕ ಕೇಂದ್ರ. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416.

ಉಲ್ಟಾ ಸಮಸ್ಯೆಯೂ ಇದೆ, ಇದನ್ನು ಕೇಳುವವರೇ ಕಡಿಮೆ. ವಾರ್ಡಿನಲ್ಲಿ ಸೇದುವಂತಿಲ್ಲ, ಡೋಸ್ ಹೊಂದಿಸುವುದು ಆ ಸ್ಥಿತಿಗೆ. ಡಿಸ್ಚಾರ್ಜ್ ಆದ ಸಂಜೆಯೇ ಪೆಟ್ಟಿಗೆ ಅಂಗಡಿಗೆ ಹೋದರೆ ಕೆಲವೇ ದಿನಗಳಲ್ಲಿ ಮಟ್ಟ ಕುಸಿಯುತ್ತದೆ, ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ಮರಳಬಹುದು, ಮಾತ್ರೆ ಕೆಲಸ ಮಾಡುತ್ತಿಲ್ಲ ಎಂಬ ದೂರು ಬರುತ್ತದೆ. ಮತ್ತೆ ಸೇದಿದ್ದನ್ನು ಮುಚ್ಚಿಡಬೇಡಿ, ಬೈಯಲೂ ಬೇಡಿ. ದಿನಕ್ಕೆ ಎಷ್ಟು, ಯಾವತ್ತಿನಿಂದ ಎಂದು ಚೀಟಿಯಲ್ಲಿ ಬರೆದು ಓಪಿಡಿಗೆ ಒಯ್ಯಿರಿ.