ಟೀ ಬಿಟ್ಟ ನಲವತ್ತು ದಿನ

ಈಸ್ಟರ್‌ಗೆ ಮುಂಚಿನ ನಮ್ಮ ಕ್ಯಾಥೋಲಿಕರ ವ್ರತದ ದಿನಗಳು, ಅಂದರೆ ತಪಸ್ಸುಕಾಲ, ಶುರುವಾಗೋದು ಬೂದಿ ಬುಧವಾರ. 2025ರಲ್ಲಿ ಅದು ಮಾರ್ಚ್ 5ಕ್ಕೆ ಬಂದಿತ್ತು. ಬೆಳಗ್ಗೆ ಆರರ ಪೂಜೆಗೆ ಹೋಗಿ, ಹಣೆಗೆ ಬೂದಿ ಹಚ್ಚಿಸಿಕೊಂಡು, ಹಾಗೇ ಆಫೀಸಿಗೆ ಹೋದೆ. ಲಿಫ್ಟಿನಲ್ಲಿ ಸಿಕ್ಕ ಸಹೋದ್ಯೋಗಿಯೊಬ್ಬರು ನನ್ನ ಹಣೆ ನೋಡಿ, "ಶಿವರಾತ್ರಿ ಹೋದ ಬುಧವಾರವೇ ಮುಗೀತಲ್ವಾ?" ಅಂದರು. ನಿಜ, ಸರಿಯಾಗಿ ಒಂದು ವಾರದ ಹಿಂದೆ ಶಿವರಾತ್ರಿ ಆಗಿತ್ತು. ಇದು ವಿಭೂತಿ ಅಲ್ಲ, ಹೋದ ವರ್ಷ ಗರಿಗಳ ಭಾನುವಾರ ಹಿಡಿದ ಗರಿ ಸುಟ್ಟು ಮಾಡಿದ ಬೂದಿ ಅಂತ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಮಹಡಿ ಬಂತು. ಬೂದಿ ಹಚ್ಚುವಾಗ ಗುರುಗಳು ಹೇಳುವ ಮಾತು ಇನ್ನೂ ಕಿವಿಯಲ್ಲಿತ್ತು. ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುವೆ. ಅದನ್ನೆಲ್ಲ ಲಿಫ್ಟಿನಲ್ಲಿ ಹೇಳೋಕೆ ಆಗುತ್ತಾ!

ತಪಸ್ಸುಕಾಲಕ್ಕೆ ಏನಾದರೂ ಒಂದು ಬಿಡಬೇಕು ಅನ್ನೋದು ನಮ್ಮ ಮನೆಯ ರೂಢಿ. ಅಪ್ಪ ಬೀಡಿ ಬಿಡುತ್ತಿದ್ದರು. ಅಮ್ಮ ಹೂ ಮುಡಿಯುತ್ತಿರಲಿಲ್ಲ. ನನಗೆ ಮಾಂಸ ಬಿಡೋದು ಕಷ್ಟವೇ ಅಲ್ಲ. ಶುಕ್ರವಾರ ಕೋಳಿ ಬಿಟ್ಟು ಪನೀರ್ ತಿಂದರೆ ಅದನ್ನು ಉಪವಾಸ ಅನ್ನೋಕೆ ನಾಚಿಕೆ ಆಗುತ್ತೆ. ಹಾಗಾಗಿ ಟೀ ಬಿಟ್ಟೆ. ದಿನಕ್ಕೆ ಎರಡು ಟೀ ಇಲ್ಲದೆ ನಾನು ಮನುಷ್ಯಳೇ ಅಲ್ಲ ಅಂತ ಮನೆಯವರೆಲ್ಲ ಹೇಳ್ತಾರೆ.

ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನ, ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಮಧ್ಯೆ ಬರುವ ಆರು ಭಾನುವಾರ ಲೆಕ್ಕಕ್ಕಿಲ್ಲ, ಭಾನುವಾರ ಯೇಸುವಿನ ಪುನರುತ್ಥಾನದ ದಿನ ಅಲ್ವಾ. ಅವನ್ನು ಕಳೆದರೆ 40. ಭಾನುವಾರ ಟೀ ಕುಡಿಯೋಕೆ ಈ ಲೆಕ್ಕವನ್ನು ನಾನು ಚೆನ್ನಾಗಿಯೇ ಬಳಸಿಕೊಂಡೆ.

ಅವತ್ತು ಸಂಜೆ ನಾಲ್ಕಕ್ಕೆ ಎಲ್ಲರೂ ಟೀ ಅಂಗಡಿಗೆ ಹೊರಟರು. ನಾನೂ ಸುಮ್ನೆ ಜೊತೆಗೆ ಹೋದೆ. ಗ್ಲಾಸು ಮುಂದೆ ಬಂದಾಗ, "ನನಗೆ ಬೇಡಪ್ಪಾ, ನಲವತ್ತು ದಿನ ವ್ರತ" ಅಂದೆ. ಮೆಲ್ಲಗೆ ಹೇಳಬಹುದಿತ್ತು. ಅಂಗಡಿಯವನಿಗೂ ಕೇಳಿಸುವ ಹಾಗೆ ಹೇಳಿದೆ. ಎಲ್ಲರೂ "ಅಯ್ಯೋ, ಹೇಗಿರ್ತೀರಾ" ಅಂದರು. ಪಕ್ಕದಲ್ಲಿ ನಿಂತಿದ್ದ ನಮ್ಮ ತಂಡದ ಹುಡುಗ ಮಾತ್ರ "ಒಳ್ಳೇದು ಮೇಡಂ" ಅಂದು ಸುಮ್ಮನಾದ. ರಂಜಾನ್ ಶುರುವಾಗಿ ಆಗಲೇ ಮೂರು ದಿನ ಆಗಿತ್ತು. ಅವನು ಬೆಳಗಿನ ಜಾವದಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ರಾತ್ರಿ ಪಾತ್ರೆ ತೊಳೆಯುವಾಗ ಅದು ಚುಚ್ಚಿತು. ಮಲಗುವ ಮುಂಚೆ ಇವತ್ತಿನ ದಿನವನ್ನು ಒಂದು ಸಲ ತಿರುಗಿ ನೋಡೋದು ಹಳೆಯ ಕ್ರೈಸ್ತ ಅಭ್ಯಾಸ, ಆತ್ಮಶೋಧನೆ ಅಂತಾರೆ. ಲೊಯೋಲಾದ ಸಂತ ಇಗ್ನಾಸಿಯವರು (1491–1556) ಇದಕ್ಕೆ ಐದು ಹೆಜ್ಜೆ ಹಾಕಿಕೊಟ್ಟಿದ್ದಾರೆ. ಅವರು ಕಟ್ಟಿದ ಯೇಸು ಸಭೆಯವರು, ಅಂದರೆ ಜೆಸ್ವಿಟ್‌ಗಳು, ಇದನ್ನು ದಿನಕ್ಕೆ ಎರಡು ಸಲ ಮಾಡುತ್ತಾರೆ. ನನ್ನ ಕೈಲಿ ಎರಡೇ ಹೆಜ್ಜೆ ಆಗೋದು. ಇವತ್ತು ದೇವರು ಎಲ್ಲಿ ಸಿಕ್ಕರು, ನಾನು ಎಲ್ಲಿ ಮುಖ ತಿರುಗಿಸಿದೆ. ಅವತ್ತು ಎರಡಕ್ಕೂ ಉತ್ತರ ಟೀ ಅಂಗಡಿಯೇ ಆಗಿತ್ತು. ನೀನು ಉಪವಾಸ ಇರುವಾಗ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೋ, ಜನಕ್ಕೆ ಗೊತ್ತಾಗೋದು ಬೇಡ ಅಂತ ಯೇಸು ಹೇಳುವ, ಬೈಬಲಿನ ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯವನ್ನು ಬೂದಿ ಬುಧವಾರದ ಪೂಜೆಯಲ್ಲೇ ಓದುತ್ತಾರೆ. ಓದಿ ಮುಗಿಸಿದ ಮೇಲೆ ಎಲ್ಲರ ಹಣೆಗೂ ಬೂದಿ ಹಚ್ಚುತ್ತಾರೆ. ಇದರ ತಮಾಷೆ ನನಗೆ ಪ್ರತಿ ವರ್ಷ ಹೊಸದಾಗಿ ಕಾಣುತ್ತೆ.

ಈಗ ನಮ್ಮ ಕ್ಯಾಥೋಲಿಕ್ ಸಭೆಯ ನಿಯಮ ತುಂಬಾ ಸಡಿಲ. ಕಟ್ಟುನಿಟ್ಟಿನ ಉಪವಾಸ ವರ್ಷಕ್ಕೆ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವರ್ಷದವರಿಗೆ. ಒಂದು ಪೂರ್ತಿ ಊಟ, ಬೇಕಾದರೆ ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ನಮ್ಮಜ್ಜಿ ಇದನ್ನು ಕೇಳಿದ್ದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಎಪ್ಪತ್ತು ದಾಟಿದ ಮೇಲೂ ತಪಸ್ಸುಕಾಲದ ಒಂದು ಶುಕ್ರವಾರವನ್ನೂ ಬಿಡದೆ ಒಪ್ಪೊತ್ತು ಮಾಡಿದವಳು ಅವಳು.

ಅಜ್ಜಿಯ ಅಡುಗೆಮನೆಯಲ್ಲಿ, ಅಕ್ಕಿ ಡ್ರಮ್ಮಿನ ಪಕ್ಕ, ಮುಚ್ಚಳ ಸೊಟ್ಟಗಾದ ಒಂದು ಹಾರ್ಲಿಕ್ಸ್ ಡಬ್ಬ ಇತ್ತು. ಅನ್ನಕ್ಕೆ ಅಕ್ಕಿ ಅಳೆದು ಮೊರಕ್ಕೆ ಹಾಕಿದ ಮೇಲೆ, ಅದರಿಂದಲೇ ಒಂದು ಹಿಡಿ ವಾಪಸ್ ತೆಗೆದು ಆ ಡಬ್ಬಕ್ಕೆ ಹಾಕುತ್ತಿದ್ದಳು. ಡ್ರಮ್ಮಿನಿಂದ ನೇರವಾಗಿ ಯಾಕೆ ಹಾಕಲ್ಲ ಅಂತ ಕೇಳಿದ್ದೆ. "ಅದು ಮಿಕ್ಕಿದ್ದು ಕಣವ್ವ. ಇದು ನಮ್ಮ ತಟ್ಟೇದು" ಅಂದಿದ್ದಳು. ಒಪ್ಪೊತ್ತಿನ ದಿನ ಅವಳ ಪಾಲಿನ ಎರಡು ಹಿಡಿ ಪೂರ್ತಿ ಡಬ್ಬಕ್ಕೆ ಹೋಗುತ್ತಿತ್ತು. ಪವಿತ್ರ ವಾರದಲ್ಲಿ ಅದನ್ನು ಚೀಲಕ್ಕೆ ಸುರಿದು ನನ್ನ ಕೈಗೆ ಕೊಟ್ಟು, ಕೆರೆ ಆಚೆಯ ಒಂದು ಮನೆಗೆ ಕಳಿಸುತ್ತಿದ್ದಳು. ಜೊತೆಗೆ ಒಂದು ಮಾತು: "ಕೊಟ್ಟು ಅಲ್ಲೇ ನಿಂತ್ಕಬ್ಯಾಡ, ಬಿರ್ನೆ ಬಂದ್ಬುಡು."

ಮಿಜೋರಾಮ್‌ನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು 1910ರಿಂದ ಇದೇ ಥರ ಹಿಡಿ ಅಕ್ಕಿ ತೆಗೆದಿಡುತ್ತಿದ್ದಾರೆ, ಆ ಅಕ್ಕಿಯಿಂದಲೇ ಸಭೆಯ ಎಷ್ಟೋ ಕೆಲಸ ನಡೆಯುತ್ತೆ ಅಂತ ತಿಳಿದದ್ದು ನಾನು ದೊಡ್ಡವಳಾದ ಮೇಲೆ. ಅದಕ್ಕೂ ಹಳೆಯದು ಇನ್ನೊಂದಿದೆ. ರೋಮ್‌ನಲ್ಲಿ 2ನೇ ಶತಮಾನದಲ್ಲಿ ಹೆರ್ಮಾಸ್ ಅನ್ನೋರು ಬರೆದಿಟ್ಟ ಮಾತು. ಉಪವಾಸದ ದಿನ ನೀನು ತಿನ್ನಬೇಕಾಗಿದ್ದ ಊಟಕ್ಕೆ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕು, ಅಷ್ಟನ್ನು ವಿಧವೆಗೋ ತಬ್ಬಲಿಗೋ ಇಲ್ಲದವರಿಗೋ ಕೊಡು ಅಂತಾರೆ ಅವರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಹೆರ್ಮಾಸ್ ಹೆಸರನ್ನಂತೂ ಕೇಳಿರಲಿಕ್ಕೇ ಇಲ್ಲ.

ಸರಿ, ನಾನೂ ಒಂದು ಡಬ್ಬ ಇಟ್ಟೆ. ಟೀಗೆ 15 ರೂಪಾಯಿ, ದಿನಕ್ಕೆ 30. ಕುಡಿಯದ ಟೀ ದುಡ್ಡು ರಾತ್ರಿ ಡಬ್ಬಕ್ಕೆ.

ಉಳಿದ ಅಭ್ಯಾಸಗಳು ಅವುಗಳ ಪಾಡಿಗೆ ನಡೆದವು. ಬಸ್ಸಿನಲ್ಲಿ ಜಪಸರ, ಅರ್ಧಕ್ಕೆ ನಿದ್ದೆ. ಶುಕ್ರವಾರ ಸಂಜೆ ಶಿಲುಬೆ ಹಾದಿ, ಹದಿನಾಲ್ಕು ಸ್ಥಳ, ಪ್ರತಿ ಸ್ಥಳಕ್ಕೂ ಮೊಣಕಾಲೂರಿ ಏಳೋದು. ಜೆರುಸಲೇಮಿಗೆ ಹೋಗಲಾಗದ ಬಡವರೂ ಯೇಸು ಶಿಲುಬೆ ಹೊತ್ತು ನಡೆದ ಆ ದಾರಿ ನಡೆಯಲಿ ಅಂತ ಇದನ್ನು ಊರೂರಿಗೆ ಹಬ್ಬಿಸಿದವರು ಫ್ರಾನ್ಸಿಸ್ಕನ್ ಗುರುಗಳು. ಐದನೇ ಸ್ಥಳದ ಸಿರೇನಿನ ಸೀಮೋನನೇ ನನಗೆ ಹತ್ತಿರದವನು. ಪಾಪ, ಹೊಲದ ಕಡೆಯಿಂದ ಬರುತ್ತಿದ್ದವನನ್ನು ಸೈನಿಕರು ಹಿಡಿದು ಹೆಗಲಿಗೆ ಯೇಸುವಿನ ಶಿಲುಬೆ ಹೊರಿಸಿದರು. ಅವನೇನೂ ಹರಕೆ ಹೊತ್ತು ಬಂದವನಲ್ಲ.

ಅಂಥದ್ದೇ ಒಂದು ಶುಕ್ರವಾರ ಪ್ರಬೋಧನೆಯಲ್ಲಿ ಗುರುಗಳು ಒಂದು ಕಥೆ ಹೇಳಿದರು. 4ನೇ ಶತಮಾನದ ಕೊನೆಯ ಹೊತ್ತಿಗೆ ಜಾನ್ ಕ್ಯಾಸಿಯನ್ ಅನ್ನೋರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳನ್ನು ನೋಡೋಕೆ ಹೋದರಂತೆ. ಕಠಿಣ ಉಪವಾಸಕ್ಕೆ ಹೆಸರಾದವರು ಅವರು. ಆದರೆ ಇವರು ಹೋದಲ್ಲೆಲ್ಲ ಆ ಸನ್ಯಾಸಿಗಳು ಉಪವಾಸ ಬಿಟ್ಟು ಜೊತೆಗೆ ಊಟಕ್ಕೆ ಕೂರುತ್ತಿದ್ದರಂತೆ. ಯಾಕೆ ಅಂತ ಕೇಳಿದ್ದಕ್ಕೆ ಒಬ್ಬ ಹಿರಿಯರು, ಉಪವಾಸ ಯಾವಾಗಲೂ ನನ್ನ ಹತ್ತಿರವೇ ಇರುತ್ತೆ, ನೀವು ಮಾತ್ರ ಹೊರಟು ಹೋಗುವವರು ಅಂದರಂತೆ. ನನ್ನ ಭಾನುವಾರದ ಲೆಕ್ಕದ ಥರ ಅವರಿಗೂ ಒಂದು ನೆಪ ಬೇಕಿತ್ತೇನೋ ಅನಿಸಿ ನಗು ಬಂತು.

ಏಪ್ರಿಲ್ 18, ಶುಭ ಶುಕ್ರವಾರ. ಮಧ್ಯಾಹ್ನದ ಆರಾಧನೆ ಮುಗಿಸಿ, ಚರ್ಚ್ ಅಂಗಳದಲ್ಲಿ ಎಲ್ಲರ ಜೊತೆ ಗಂಜಿ ಕುಡಿದು ಮನೆಗೆ ಬಂದೆ. ರಾತ್ರಿ ಡಬ್ಬ ಸುರಿದು ಎಣಿಸಿದೆ. ಮರುದಿನದ 30 ಮೊದಲೇ ಸೇರಿಸಿ 1200 ಇರಬೇಕಿತ್ತು. 930 ಇತ್ತು. ಒಂಬತ್ತು ದಿನ ದುಡ್ಡು ಹಾಕೋದನ್ನೇ ಮರೆತಿದ್ದೆ. ಟೀ ಬಿಡೋದನ್ನು ಮಾತ್ರ ಒಂದು ದಿನವೂ ಮರೆತಿರಲಿಲ್ಲ.

ಶನಿವಾರ ಬೆಳಗ್ಗೆ ಕಮ್ಮಿ ಬಿದ್ದ 270 ಸೇರಿಸಿಕೊಂಡು ಅಂಗಡಿಗೆ ಹೋದೆ. ನಮ್ಮ ಬೀದಿಯಲ್ಲಿ ಕಟ್ಟುತ್ತಿರುವ ಮನೆಯ ಕಾವಲಿಗೆ ಒಂದು ಸಂಸಾರ ಇದೆ, ರಾಯಚೂರು ಕಡೆಯವರು. ಅಕ್ಕಿಗಿಂತ ಅವರಿಗೆ ಬೇಕಾಗಿದ್ದು ಜೋಳ. ಜೋಳದ ಹಿಟ್ಟು, ತೊಗರಿಬೇಳೆ, ಬೆಲ್ಲ, ಶೇಂಗಾ ತೆಗೆದುಕೊಂಡೆ. ತಗಡಿನ ಶೆಡ್ಡಿನ ಬಾಗಿಲಲ್ಲಿ ಚೀಲ ಇಟ್ಟು, ಅಜ್ಜಿ ಹೇಳಿದ ಹಾಗೆ ಬಿರ್ನೆ ತಿರುಗಿದೆ.

"ಹಂಗ ಹೋಗಬ್ಯಾಡ್ರಿ ಅಕ್ಕಾರ. ಕುಂದರ್ರಿ, ಚಹಾ ಇಟ್ಟೀನಿ."

ಸಿಮೆಂಟ್ ಚೀಲ ಹಾಸಿದ ಇಟ್ಟಿಗೆ ಮೇಲೆ ಕೂತೆ. ಒಲೆ ಮೇಲೆ ಹಾಲು ಉಕ್ಕುತ್ತಿತ್ತು, ಮನೆಯಲ್ಲಿದ್ದ ಅಷ್ಟೂ ಹಾಲು ಅದೇ ಅಂತ ಕಾಣುತ್ತೆ. ಮಗು ಬಂದು ನನ್ನ ಸೆರಗು ಹಿಡಿದುಕೊಂಡಿತು. ಅವಳು ಸ್ಟೀಲ್ ಲೋಟವನ್ನು ಸೀರೆ ತುದಿಯಿಂದ ಒರೆಸಿ, ತುಂಬಾ ಹಾಕಿ, ನನ್ನ ಮುಂದೆ ಹಿಡಿದಳು. ಅವತ್ತು ನಲವತ್ತನೇ ದಿನ. ವ್ರತ ಮುಗಿಯುವ ಪಾಸ್ಖ ಜಾಗರಣೆಗೆ, ಅಂದರೆ ಈಸ್ಟರ್ ರಾತ್ರಿಯ ಪೂಜೆಗೆ, ಇನ್ನೂ ಹನ್ನೆರಡು ಗಂಟೆ ಇತ್ತು.

ಸಕ್ಕರೆ ಜಾಸ್ತಿ ಆಗಿತ್ತು. ಪೂರ್ತಿ ಕುಡಿದೆ.