ಇಲ್ಲಿಯವರೆಗೆ ಸರಿ

1985ರ ಜೂನ್ ತಿಂಗಳಲ್ಲಿ ಬೆಳ್ತಂಗಡಿ ತಾಲೂಕಿನ ಹಳ್ಳಿಯಿಂದ ಹೊರಟು, ಜಡಿಮಳೆಯಲ್ಲಿ ಮಂಗಳೂರಿನ ಬಾವುಟಗುಡ್ಡೆ ಹತ್ತಿ, ನಾನು ಸಂತ ಅಲೋಶಿಯಸ್ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಮನೆಯಿಂದ ಹೊರಡುವಾಗ ಅಜ್ಜ ಕೊಟ್ಟ ಎಚ್ಚರಿಕೆ ಒಂದೇ: "ಪಾದ್ರಿಗಳ ಕಾಲೇಜು. ಓದಿಕೊಂಡು ಬಾ, ಬೇರೇನನ್ನೂ ಕಲಿತುಕೊಂಡು ಬರಬೇಡ." ಅಜ್ಜನ ಆ ಮಾತನ್ನು ನಾನು ಪೂರ್ತಿಯಾಗಿ ಪಾಲಿಸಲಿಲ್ಲವೆಂದು ಈಗ ಒಪ್ಪಿಕೊಳ್ಳಬೇಕಾಗಿದೆ.

ನಮಗೆ ಗಣಿತ ಕಲಿಸುತ್ತಿದ್ದವರು ನಿಲುವಂಗಿ ತೊಟ್ಟ ಫಾದರ್ ಅಲ್ಲ. ಹೆಂಡತಿ ಮಕ್ಕಳೊಂದಿಗೆ ಬಾಡಿಗೆ ಮನೆಯಲ್ಲಿದ್ದು, ಮಳೆಗಾಲದಲ್ಲಿ ಕೊಡೆ ಹಿಡಿದು ನಡೆದೇ ಬರುತ್ತಿದ್ದ ಸಾಮಾನ್ಯ ಗೃಹಸ್ಥರು. ಹೆಸರು ಬರೆದರೆ ಅವರಿಗೆ ಮುಜುಗರವಾಗುತ್ತಿತ್ತೆಂದು ಬಲ್ಲೆನಾದ್ದರಿಂದ ಇಲ್ಲಿ 'ಸರ್' ಎಂದಷ್ಟೇ ಕರೆಯುತ್ತೇನೆ. ಮೊದಲ ದಿನವೇ ಅವರು ನನ್ನನ್ನು 'ನೀವು' ಎಂದರು. ಹತ್ತನೆಯ ತರಗತಿಯವರೆಗೆ ಮೇಷ್ಟ್ರುಗಳಿಂದ ಆ ಪದ ಕೇಳಿಯೇ ಇರದ ನಾನು, ಮಾತು ಇನ್ಯಾರಿಗೋ ಎಂದುಕೊಂಡು ಹಿಂದೆ ತಿರುಗಿ ನೋಡಿದ್ದೆ.

ಪಾಠ ಆರಂಭಿಸುವ ಮೊದಲು ಸರ್ ಕಪ್ಪುಹಲಗೆಯ ಮೇಲಿನ ಮೂಲೆಯಲ್ಲಿ ತೀರಾ ಚಿಕ್ಕದಾಗಿ ಎ.ಎಂ.ಡಿ.ಜಿ. ಎಂಬ ನಾಲ್ಕು ಅಕ್ಷರ ಬರೆಯುತ್ತಿದ್ದರು. ನಮ್ಮಲ್ಲೊಬ್ಬ ಅದನ್ನು ಪ್ರಮೇಯದ ಭಾಗವೆಂದೇ ತಿಳಿದು ತಿಂಗಳುಗಟ್ಟಲೆ ಟಿಪ್ಪಣಿಯಲ್ಲಿ ನಕಲು ಮಾಡಿಕೊಂಡಿದ್ದ. 'ದೇವರ ಹೆಚ್ಚಿನ ಮಹಿಮೆಗಾಗಿ' ಎಂಬ ಅರ್ಥದ, ಯೇಸುಸಭೆಯವರ (ಕಾಲೇಜು ಕಟ್ಟಿದ ಜೆಸ್ವಿಟ್ ಪಾದ್ರಿಗಳ) ಲ್ಯಾಟಿನ್ ಧ್ಯೇಯವಾಕ್ಯದ ಮೊದಲಕ್ಷರಗಳವು ಎಂದು ನಮಗೆ ತಿಳಿಸಿದವನು ಒಬ್ಬ ಕ್ರೈಸ್ತ ಸಹಪಾಠಿಯೇ ಹೊರತು ಸರ್ ಅಲ್ಲ. ಮೂರು ವರ್ಷಗಳಲ್ಲಿ ಅವರು ತರಗತಿಯಲ್ಲಿ ಹೇಳಿದ ಧರ್ಮದ ಮಾತು ಆ ನಾಲ್ಕಕ್ಷರ ಮಾತ್ರ, ಅದನ್ನೂ ಗಂಟೆ ಬಾರಿಸುವ ಮೊದಲು ಅವರೇ ಅಳಿಸಿಬಿಡುತ್ತಿದ್ದರು. ನಮ್ಮ ಮನೆಯ ದೈವದ ನೇಮವೂ ಟೆಸ್ಟೂ ಒಂದೇ ದಿನ ಬಂದಾಗ, ಹೇಗೆ ಕೇಳುವುದೆಂದು ಎರಡು ದಿನ ತಡವರಿಸಿದ ನನಗೆ ಅವರು ಹೇಳಿದ್ದು, "ಹೋಗಿ ಬನ್ನಿ, ಸೋಮವಾರ ಬರೆಯಿರಿ" ಎಂದಷ್ಟೆ.

ಮೊದಲ ಟೆಸ್ಟಿನಲ್ಲಿ ನನಗೆ ಐವತ್ತಕ್ಕೆ ಹನ್ನೊಂದು ಬಂತು. ಎಪ್ಸಿಲಾನ್, ಡೆಲ್ಟಾಗಳ ಆ ಲೋಕದಲ್ಲಿ ನನಗೆ ಇಂಗ್ಲಿಷೂ ದಕ್ಕಿರಲಿಲ್ಲ, ಗಣಿತವೂ ದಕ್ಕಿರಲಿಲ್ಲ. ಕೆಂಪು ಗೀಟುಗಳನ್ನು ನಿರೀಕ್ಷಿಸಿ ಉತ್ತರಪತ್ರಿಕೆ ತೆರೆದರೆ, ಪ್ರತಿಯೊಂದು ತಪ್ಪು ಸಾಧನೆಯಲ್ಲಿಯೂ ನನ್ನ ತರ್ಕ ಎಲ್ಲಿ ಹಳಿ ತಪ್ಪಿತ್ತೋ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲಿ "ಇಲ್ಲಿಯವರೆಗೆ ಸರಿ" ಎಂದು ಬರೆದಿದ್ದರು. ಒಂದು ಲೆಕ್ಕದಲ್ಲಿ ಆ ಗೆರೆ ಎರಡನೆಯ ಸಾಲಿನಲ್ಲೇ ಇತ್ತು, ಇನ್ನೊಂದರಲ್ಲಿ ಒಂಬತ್ತನೆಯ ಸಾಲಿನವರೆಗೂ ಇಳಿದಿತ್ತು. ಅರುವತ್ತಕ್ಕೂ ಹೆಚ್ಚು ಹುಡುಗರಿದ್ದ ತರಗತಿಯಲ್ಲಿ ಪ್ರತಿಯೊಬ್ಬನ ತಪ್ಪನ್ನೂ ಅದು ಹುಟ್ಟಿದ ಜಾಗದವರೆಗೆ ಹಿಂಬಾಲಿಸಿ ಹೋಗಲು ಎಷ್ಟು ರಾತ್ರಿಗಳು ಬೇಕಾಗುತ್ತವೆ ಎಂಬುದು, ನಾನೇ ಮೇಷ್ಟ್ರಾಗಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುವವರೆಗೆ ನನಗೆ ಅರ್ಥವಾಗಿರಲಿಲ್ಲ.

ಸರ್ ಮೊದಲು ಪಾದ್ರಿಯಾಗಲೆಂದು ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯಲ್ಲಿ ಓದುತ್ತಿದ್ದವರು, ದೀಕ್ಷೆಗೆ ಮುಂಚೆಯೇ ಹೊರಬಂದವರು ಎಂಬುದು ನಮಗೆ ತಿಳಿದದ್ದು ತಡವಾಗಿ. ಕ್ರೈಸ್ತರಲ್ಲಿ 'ದೈವಕರೆ' ಎಂಬ ಮಾತಿದೆ. ಸಾಮಾನ್ಯ ಬಳಕೆಯಲ್ಲಿ ಅದು ಪಾದ್ರಿಗಳಿಗೂ ಧರ್ಮಭಗಿನಿಯರಿಗೂ ಮೀಸಲು, ಆದ್ದರಿಂದ ಸೆಮಿನರಿ ಬಿಟ್ಟವನನ್ನು ಕರೆ ಕಳೆದುಕೊಂಡವನೆಂದು ಊರು ಕನಿಕರದಿಂದ ನೋಡುತ್ತದೆ. ಒಂದು ಮಧ್ಯಾಹ್ನ ಕರೆಂಟು ಹೋಗಿ ಕೋಣೆ ಕತ್ತಲಾದಾಗ ಸರ್ ನಮ್ಮಲ್ಲಿ ನಾಲ್ಕೈದು ಮಂದಿಯನ್ನು ಕಾಲೇಜಿನ ಚಾಪೆಲ್‌ಗೆ ಕರೆದೊಯ್ದರು. ಮಾಳಿಗೆಯ ಚಿತ್ರಗಳನ್ನು ನೋಡುತ್ತಿದ್ದಂತೆ ನಮ್ಮಲ್ಲೊಬ್ಬ ಅಧಿಕಪ್ರಸಂಗಿ, "ಸರ್, ನೀವು ಯಾಕೆ ಫಾದರ್ ಆಗಲಿಲ್ಲ?" ಎಂದು ಕೇಳಿಯೇಬಿಟ್ಟ. ಸರ್ ಕೋಪಗೊಳ್ಳಲಿಲ್ಲ. ಇದನ್ನೆಲ್ಲ ಬರೆದವರು ಇಟಲಿಯ ಬೆರ್ಗಾಮೊ ಕಡೆಯ ಅಂತೋನಿಯೊ ಮೊಸ್ಕೇನಿ, ಯೇಸುಸಭೆಯ ಬ್ರದರ್, ಕೊನೆಯವರೆಗೂ ಪಾದ್ರಿಯಾದವರಲ್ಲ ಎಂದರು. 1899ರಲ್ಲಿ ಆರಂಭಿಸಿ ಎರಡು ವರ್ಷಗಳಲ್ಲಿ ಈ ಗೋಡೆ ಮಾಳಿಗೆಗಳನ್ನು ತುಂಬಿಸಿದ ಆತ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರಂತೆ. "ಇಲ್ಲಿ ನಿಂತು ತಲೆ ಎತ್ತಿ ನೋಡುವವರು ಯಾರೂ ಅವರು ಪೂಜೆ ಮಾಡುತ್ತಿದ್ದರೋ ಇಲ್ಲವೋ ಎಂದು ಕೇಳುವುದಿಲ್ಲ" ಎಂದು ಹೇಳಿ, ಸ್ವಲ್ಪ ತಡೆದು, "ನನ್ನ ಗೋಡೆ ಆ ಕಪ್ಪುಹಲಗೆ. ದಿನಾ ಒರೆಸಬೇಕು, ಅಷ್ಟೇ ವ್ಯತ್ಯಾಸ" ಎಂದರು.

ಇಂಗ್ಲಿಷಿಗೆ ಹೆದರುವ ನಮ್ಮಂಥವರಿಗೆ ಅವರು ಹೇಳುತ್ತಿದ್ದದ್ದು ಯೇಸುಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲಾರ ಕಥೆ. ಯುದ್ಧದಲ್ಲಿ ಕಾಲು ಮುರಿದುಕೊಂಡ ಆ ಸೈನಿಕ, ದೇವರ ಕೆಲಸಕ್ಕೆ ಓದು ಬೇಕೆಂದು ಅರಿತು, 1524ರಲ್ಲಿ, ತನ್ನ ಮೂವತ್ತಮೂರನೆಯ ವಯಸ್ಸಿನಲ್ಲಿ, ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರೊಂದಿಗೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿತರು. ಅವರ ಸಭೆಯವರು 1548ರಲ್ಲಿ ಮೆಸ್ಸೀನಾದಲ್ಲಿ ಶಾಲೆ ತೆರೆದದ್ದು, 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದು 1880ರಲ್ಲಿ ಈ ಕಾಲೇಜು ಕಟ್ಟಿದ್ದು ಎಲ್ಲವೂ ಆಮೇಲಿನ ಮಾತು. ಸರ್‌ಗೆ ಮುಖ್ಯವಾಗಿದ್ದದ್ದು ಆ ಬೆಂಚು. ಕಲಿಸುವವನು ಒಮ್ಮೆಯಾದರೂ ಹಿಂದಿನ ಬೆಂಚಿನಲ್ಲಿ ಅವಮಾನಪಟ್ಟಿರಬೇಕು ಎಂಬುದು ಅವರ ನಂಬಿಕೆಯಾಗಿತ್ತು.

ಆದರೆ 'ಕರೆ', 'ಸೇವೆ' ಎಂಬ ಮಾತುಗಳ ಬಗ್ಗೆ ನನಗೊಂದು ತಕರಾರಿದೆ. ಎಂ.ಎಸ್ಸಿ. ಮುಗಿಸಿ ನಾನು ಮೊದಲು ಸೇರಿದ ಸಂಸ್ಥೆಯಲ್ಲಿ (ಅದು ಕ್ರೈಸ್ತರದಲ್ಲ, ಎಲ್ಲಿಯದೆಂಬುದು ಇಲ್ಲಿ ಬೇಡ) ಅಧ್ಯಾಪನ ಪವಿತ್ರ ಸೇವೆಯೆಂದು ಅರ್ಧ ಗಂಟೆ ವಿವರಿಸಿದ ಬಳಿಕ ನಿಗದಿ ಮಾಡಿದ ಸಂಬಳ, ಕೋಣೆಯ ಬಾಡಿಗೆಗೂ ಊಟಕ್ಕೂ ಸಾಲುತ್ತಿರಲಿಲ್ಲ. ಇದನ್ನು ಸರ್‌ಗೆ ಪತ್ರ ಬರೆದು ತಿಳಿಸಿದೆ. ಬಂದ ಉತ್ತರ ಒಂದು ಇನ್ಲೆಂಡಿನ ಅರ್ಧದಷ್ಟಿತ್ತು. ಬಡತನದ ವ್ರತ ತೊಟ್ಟ ಫಾದರ್ ತಮ್ಮ ಸಂಬಳವನ್ನು ಮಠಕ್ಕೆ ಒಪ್ಪಿಸುತ್ತಾರೆ, ಮಠ ಅವರಿಗೆ ಊಟ ಹಾಕುತ್ತದೆ, ವ್ರತವನ್ನು ತಾನು ತೊಡದೆ ಇನ್ನೊಬ್ಬನಿಗೆ ತೊಡಿಸುವವನು ಕರೆಯ ಮಾತಾಡಬಾರದು, ಬೇರೆ ಕೆಲಸ ನೋಡಿಕೊಳ್ಳಿ, ಆದರೆ ಕಲಿಸುವುದನ್ನು ಬಿಡಬೇಡಿ ಎಂದಿದ್ದರು. ನಾನು ಕೆಲಸ ಬದಲಿಸಿದೆ, ಕಲಿಸುವುದನ್ನು ಬಿಡಲಿಲ್ಲ.

ಅವರನ್ನು ಕೊನೆಯದಾಗಿ ಕಂಡದ್ದು ಅವರು ನಿವೃತ್ತರಾಗಿ ಬಹಳ ವರ್ಷಗಳಾದ ಮೇಲೆ. ಕಣ್ಣು ಮಂದವಾಗಿತ್ತು, ಧ್ವನಿ ಹಿಡಿದು ಗುರುತಿಸಿದರು. ಮೂವತ್ತು ವರ್ಷಗಳಿಂದ ನಾನೂ ಉತ್ತರಪತ್ರಿಕೆಗಳಲ್ಲಿ ಅದೇ ಗೆರೆ ಎಳೆದು ಅದೇ ಮಾತು ಬರೆಯುತ್ತಿದ್ದೇನೆಂದು ಹೇಳಿದೆ. ಸಂತೋಷಪಡುವರೆಂದುಕೊಂಡಿದ್ದೆ. ಅವರು ಕುರ್ಚಿಯ ಕೈಯನ್ನು ಬೆರಳಿನಿಂದ ತಟ್ಟುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮೊದಲ ಟೆಸ್ಟಿನಲ್ಲಿ ನಿಮಗೆ ಹನ್ನೊಂದು ಕೊಟ್ಟಿದ್ದೆನಲ್ಲ, ಆ ಒಂಬತ್ತು ಸಾಲಿನ ಲೆಕ್ಕಕ್ಕೆ ಇನ್ನೆರಡು ಅಂಕ ಕೊಡಬಹುದಿತ್ತು" ಎಂದರು.